‘ಮಾನೋ ಆ ಮಾನೋ’ ಎಂದರೆ ಗಂಡಸಿಗೆ ಗಂಡಸೇ? ಇಂಗ್ಲಿಷ್ ವಾಕ್ಯದೊಳಗಿನ ಎರವಲು ನುಡಿಗಟ್ಟುಗಳ ಬಗ್ಗೆ ಒಂದು ಸಂದೇಹ

ಬಲ್ಲವರಲ್ಲಿ ಒಂದು ಸಂದೇಹ ಕೇಳಬೇಕಿದೆ. ಪ್ರಶ್ನೆ ಚಿಕ್ಕದು. ಅದನ್ನು ಹಿಡಿದು ಹೊರಟರೆ ದಾರಿ ಮಾತ್ರ ಉದ್ದ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನಾನು ಇಂಗ್ಲಿಷ್ ಬರಹಗಳ ಕರಡು ತಿದ್ದುತ್ತೇನೆ, ಕೆಲವನ್ನು ಕನ್ನಡಕ್ಕೂ ತರುತ್ತೇನೆ. ಈಚೆಗೆ ಕೈಗೆ ಬಂದ ಒಂದು ಲೇಖನ ಇಬ್ಬರು ಚೆಸ್ ಆಟಗಾರ್ತಿಯರನ್ನು ಕುರಿತದ್ದು. ಕೊನೆಯ ಸುತ್ತಿನಲ್ಲಿ ಇಬ್ಬರೂ ‘ಮಾನೋ ಆ ಮಾನೋ’ ಎದುರಾದರು ಎಂದು ಲೇಖಕರು ಬರೆದಿದ್ದರು. ನನಗಿಂತ ಮೊದಲು ಕರಡು ನೋಡಿದ ಸಹೋದ್ಯೋಗಿ ಆ ಮಾತನ್ನು ಹೊಡೆದುಹಾಕಿ, ‘ಇಬ್ಬರೂ ಹೆಂಗಸರು, ಗಂಡಸಿಗೆ ಗಂಡಸು ಎಂಬ ಮಾತು ಇಲ್ಲಿ ಸಲ್ಲದು’ ಎಂದು ಅಂಚಿನಲ್ಲಿ ಬರೆದಿದ್ದರು. ನಾನು ಅದನ್ನು ಮತ್ತೆ ಸೇರಿಸಿದೆ. ಸ್ಪ್ಯಾನಿಷ್‌ನಲ್ಲಿ ಮಾನೋ ಎಂದರೆ ಕೈ. ಲ್ಯಾಟಿನ್ನಿನ ಮಾನುಸ್‌ನಿಂದ ಬಂದ ಪದ, ಇಂಗ್ಲಿಷಿನ ಮ್ಯಾನ್ಯುಯಲ್, ಮ್ಯಾನುಸ್ಕ್ರಿಪ್ಟ್ ಎಲ್ಲ ಅದೇ ಬೇರಿನವು. ಗೂಳಿಕಾಳಗದಲ್ಲಿ ವಾಡಿಕೆಯಂತೆ ಮೂವರು ಮಟಡೋರ್‌ಗಳು ಸರದಿಯಲ್ಲಿ ಕಣಕ್ಕಿಳಿಯುತ್ತಾರೆ. ಮೂರನೆಯವನಿಲ್ಲದೆ ಇಬ್ಬರೇ ಪೈಪೋಟಿಗೆ ನಿಂತರೆ ಅದಕ್ಕೆ ಮಾನೋ ಆ ಮಾನೋ ಎನ್ನುತ್ತಾರೆ. ಇನ್ನೂ ಒಂದು ವಿಷಯವುಂಟು. ಆ ಭಾಷೆಯಲ್ಲಿ ಓಕಾರದಿಂದ ಮುಗಿಯುವ ನಾಮಪದಗಳು ಹೆಚ್ಚಾಗಿ ಪುಲ್ಲಿಂಗ, ಮಾನೋ ಅಪವಾದವಾಗಿ ಸ್ತ್ರೀಲಿಂಗ. ಗಂಡಸಿನ ವಾಸನೆ ಹಿಡಿದು ಯಾವ ಪದವನ್ನು ಹೊರಗಟ್ಟಿದ್ದರೋ ಅದು ವ್ಯಾಕರಣದಲ್ಲಿ ಹೆಣ್ಣು.

ಇಷ್ಟು ಬರೆದು ಕಳಿಸಿದ ಮೇಲೆ ಚರ್ಚೆ ಮುಗಿಯಿತೆಂದುಕೊಂಡಿದ್ದೆ. ಸಹೋದ್ಯೋಗಿಯ ಉತ್ತರ ನನ್ನನ್ನು ನಿಲ್ಲಿಸಿತು. ‘ಮೂಲದಲ್ಲಿ ಕೈಯೇ ಇರಲಿ. ಇಂಗ್ಲಿಷ್ ಓದುಗರ ಕಿವಿಗೆ ಬೀಳುವುದು ಮ್ಯಾನ್. ಓದುವವರಿಗೆ ಮುಟ್ಟದ ಅರ್ಥವನ್ನು ವಾಕ್ಯದಲ್ಲಿ ಇಟ್ಟು ಏನು ಪ್ರಯೋಜನ?’

ಇಂಗ್ಲಿಷ್ ವಾಕ್ಯದಲ್ಲಿ ಫ್ರೆಂಚ್, ಲ್ಯಾಟಿನ್, ಸ್ಪ್ಯಾನಿಷ್ ನುಡಿಗಟ್ಟು ಬಂದಾಗ ಅದರ ಅರ್ಥವನ್ನು ತೀರ್ಮಾನಿಸುವವರು ಯಾರು, ತೌರುಮನೆಯವರೋ ಸೇರಿದ ಮನೆಯವರೋ? ಇದು ನನ್ನ ಪ್ರಶ್ನೆ.

ತೌರುಮನೆಯ ಅರ್ಥವೇ ಪ್ರಮಾಣ ಎಂದು ಹಟ ಹಿಡಿದು ನೋಡಿದೆ. ಆಗ ಇಂಗ್ಲಿಷಿನ ಅರ್ಧ ಗೋಡೆ ಕುಸಿಯುತ್ತದೆ. ಗೆರಿಲ್ಲಾ ಎಂದರೆ ಸ್ಪ್ಯಾನಿಷ್‌ನಲ್ಲಿ ಕಿರುಯುದ್ಧ. 1808ರಿಂದ 1814ರವರೆಗೆ ನೆಪೋಲಿಯನ್ನನ ಸೈನ್ಯದ ವಿರುದ್ಧ ಸ್ಪೇನಿನಲ್ಲಿ ನಡೆದ ಹೋರಾಟದ ಕಾಲದಲ್ಲಿ ಇಂಗ್ಲಿಷಿಗೆ ಬಂತು, ಬಂದ ಮೇಲೆ ಯುದ್ಧದ ಹೆಸರು ಯೋಧನ ಮೇಲೆ ಕೂತಿತು. ಸ್ಪ್ಯಾನಿಷರಿಗೆ ಆ ಯೋಧ ಗೆರಿಯೆರೋ. ಡಬಲ್ ಆಂತಾಂದ್ರ್ ಎಂದು ಇಂಗ್ಲಿಷರು ಬಲು ಫ್ರೆಂಚಾಗಿ ಹೇಳುವ ದ್ವಂದ್ವಾರ್ಥಕ್ಕೆ ಇಂದಿನ ಫ್ರೆಂಚರು ದೂಬ್ಲ್ ಸಾನ್ಸ್ ಎನ್ನುತ್ತಾರೆ. ನೋಂ ದ ಪ್ಲೂಮ್, ಅಂದರೆ ಕಾವ್ಯನಾಮ, ಫ್ರಾನ್ಸಿನಿಂದ ಬಂದದ್ದೇ ಅಲ್ಲ. ನೋಂ ದ ಗೇರ್ (ಯುದ್ಧನಾಮ) ಎಂಬ ನಿಜವಾದ ಫ್ರೆಂಚ್ ಮಾತಿನ ಅಚ್ಚಿನಲ್ಲಿ ಇಂಗ್ಲಿಷರೇ 19ನೇ ಶತಮಾನದಲ್ಲಿ ಎರಕ ಹೊಯ್ದದ್ದು. ಸಂಗೀತ ಸಭೆಯಲ್ಲಿ ಇನ್ನೊಮ್ಮೆ ಹಾಡಿ ಎನ್ನಲು ಇಂಗ್ಲಿಷರು ಆಂಕೋರ್ ಎಂದು ಫ್ರೆಂಚಿನಲ್ಲಿ ಕೂಗುತ್ತಾರೆ. ಅದೇ ಜಾಗದಲ್ಲಿ ಫ್ರೆಂಚರು ಕೂಗುವುದು ಬಿಸ್ ಎಂಬ ಲ್ಯಾಟಿನ್ ಪದವನ್ನು.

ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಕ್ವಿಡ್ ಪ್ರೋ ಕ್ವೋ. ಅಕ್ಷರಶಃ ‘ಒಂದರ ಬದಲಿಗೆ ಒಂದು’. ಇಂಗ್ಲಿಷಿನಲ್ಲಿ ಇವತ್ತು ಇದಕ್ಕೆ ಕೊಟ್ಟು ಕೊಳ್ಳುವುದು, ಉಪಕಾರಕ್ಕೆ ಪ್ರತ್ಯುಪಕಾರ ಎಂಬ ಅರ್ಥ, ರಾಜಕೀಯ ಸುದ್ದಿಯಲ್ಲಾದರೆ ಅದಕ್ಕೆ ಲಂಚದ ನೆರಳೂ ಇರುತ್ತದೆ. ಈ ಮಾತು ಮೊದಲು ಓಡಾಡಿದ್ದು ಔಷಧಿ ತಯಾರಕರ ನಡುವೆ. ವೈದ್ಯ ಬರೆದುಕೊಟ್ಟ ಮದ್ದು ಇಲ್ಲದಾಗ, ಅಥವಾ ಕೈತಪ್ಪಿ, ಇನ್ನೊಂದನ್ನು ಕೊಡುವುದಕ್ಕೆ ಹಾಗೆನ್ನುತ್ತಿದ್ದರು. 16ನೇ ಶತಮಾನದ ಇಂಗ್ಲಿಷಿನಲ್ಲಿ ಕಾಣುವುದು ಈ ಅರ್ಥವೇ. ಫ್ರೆಂಚ್ ಮತ್ತು ಇಟಾಲಿಯನ್ ಭಾಷೆಗಳು ಅದನ್ನೇ ಬೆಳೆಸಿಕೊಂಡವು. ಅಲ್ಲಿ ಕಿಪ್ರೊಕೊ ಎಂದರೆ ಒಬ್ಬರನ್ನು ಇನ್ನೊಬ್ಬರೆಂದು ತಿಳಿಯುವ ಎಡವಟ್ಟು, ಹಾಸ್ಯನಾಟಕಗಳಲ್ಲಿ ಬರುವಂಥದ್ದು. ಒಂದೇ ಲ್ಯಾಟಿನ್ ಮಾತು ಒಂದು ಮನೆಯಲ್ಲಿ ಒಪ್ಪಂದವಾಯಿತು, ಇನ್ನೊಂದು ಮನೆಯಲ್ಲಿ ಗೊಂದಲವಾಯಿತು. ಇವೆರಡರಲ್ಲಿ ತಪ್ಪು ಯಾವುದೆಂದು ಕೇಳಿದರೆ ನನಗೆ ಉತ್ತರ ತೋಚುವುದಿಲ್ಲ. ಲ್ಯಾಟಿನ್ ಭಾಷೆಯ ದೃಷ್ಟಿಯಿಂದ ಎರಡೂ ದೂರ ಸರಿದವೇ.

ಹಾಗಿದ್ದರೆ ಸೇರಿದ ಮನೆಯೇ ಪ್ರಮಾಣವಾಗಲಿ ಎಂದು ಇನ್ನೊಂದು ತುದಿಗೆ ಹೋದೆ. ಅಲ್ಲೂ ಕಾಲು ಹೂತುಕೊಳ್ಳುತ್ತದೆ. ಕಥೆ ಮುಗಿಸುವ ಕೊನೆಯ ಏಟು ಎಂಬಂತೆ ಬಳಸುವ ಕೂ ದ ಗ್ರಾಸ್ ಎಂಬುದನ್ನು ತೆಗೆದುಕೊಳ್ಳಿ, ನರಳುವವನಿಗೆ ಕರುಣೆಯಿಂದ ಕೊಡುವ ಕೊನೆಯ ಪೆಟ್ಟು ಅದರ ಮೂಲಾರ್ಥ. ಫ್ರೆಂಚಿನಲ್ಲಿ ಪದದ ಕೊನೆಯ ವ್ಯಂಜನ ನುಂಗಬೇಕು ಎಂಬ ಅರೆತಿಳಿವಳಿಕೆಯಿಂದ ಎಷ್ಟೋ ಇಂಗ್ಲಿಷ್ ಭಾಷಿಕರು ‘ಕೂ ದ ಗ್ರಾ’ ಎನ್ನುತ್ತಾರೆ. ಗ್ರಾಸ್ ಎಂದರೆ ಕರುಣೆ, ಗ್ರಾ ಎಂದರೆ ಕೊಬ್ಬು. ಹೆಚ್ಚು ಫ್ರೆಂಚ್ ಆಗಿರಬೇಕೆಂಬ ಆಸೆಯೇ ಇಲ್ಲಿ ಕರುಣೆಯನ್ನು ಕೊಬ್ಬು ಮಾಡಿತು. ‘ನೋ ಪ್ರೊಬ್ಲೆಮೋ’ ಕೂಡ ಇಂಥದ್ದೇ. ಸ್ಪ್ಯಾನಿಷ್‌ನಲ್ಲಿ ಪ್ರೊಬ್ಲೆಮೋ ಎಂಬ ಪದವಿಲ್ಲ, ಇರುವುದು ಪ್ರೊಬ್ಲೆಮಾ, ಮತ್ತು ಆಕಾರದಿಂದ ಮುಗಿದರೂ ಅದು ಪುಲ್ಲಿಂಗ. ಓಕಾರ ಹಚ್ಚಿದರೆ ಸ್ಪ್ಯಾನಿಷ್ ಆಗುತ್ತದೆ ಎಂಬ ನಂಬಿಕೆಯೂ, ಮಾನೋದಲ್ಲಿ ಗಂಡಸನ್ನು ಕೇಳಿದ ಕಿವಿಯೂ ಬೇರೆಬೇರೆಯಲ್ಲ. ಇವನ್ನೆಲ್ಲ ಬಳಕೆಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಸರಿ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಕಡ ತಂದವರಿಗೆ ವಸ್ತುವಿನ ಪರಿಚಯ ಇರಬೇಕೆಂದು ನಿರೀಕ್ಷಿಸುವುದು ಅತಿಯೇನಲ್ಲ.

ಕನ್ನಡದಲ್ಲಿ ಕೂತು ಯೋಚಿಸಿದಾಗ ದಾರಿ ಸ್ವಲ್ಪ ಸ್ಪಷ್ಟವಾಯಿತು. ನಮ್ಮ ವ್ಯಾಕರಣಕಾರರಿಗೆ ಇದು ಹಳೆಯ ಸಮಸ್ಯೆ. ರೂಪ ಕೆಡದೆ ಬಂದದ್ದು ತತ್ಸಮ, ಬಾಯಿಗೆ ಒಗ್ಗಿ ರೂಪ ಬದಲಿಸಿಕೊಂಡದ್ದು ತದ್ಭವ. ಎರಡು ಭಾಷೆಯ ಪದಗಳನ್ನು ಒಂದೇ ಸಮಾಸದಲ್ಲಿ ಕಟ್ಟಿದರೆ ಅರಿಸಮಾಸ, ಅಂದರೆ ಪರಸ್ಪರ ಶತ್ರುಗಳಾದ ಪದಗಳ ಸಮಾಸ. 12ನೇ ಶತಮಾನದ ನಯಸೇನ ಇದನ್ನೇ ತುಪ್ಪಕ್ಕೆ ಎಣ್ಣೆ ಬೆರೆಸುವುದು ತಕ್ಕುದೇ ಎಂದು ಕೇಳಿದ. ಕೇಳುವಾಗ ಅವನು ಬಳಸಿದ್ದು ಘೃತ, ತೈಲ ಎಂಬ ಸಂಸ್ಕೃತ ಪದಗಳನ್ನೇ. ಮಳೆ ಎಂಬ ಕನ್ನಡಕ್ಕೆ ಕಾಲ ಎಂಬ ಸಂಸ್ಕೃತ ಸೇರಿದ ಮಳೆಗಾಲ ಇವತ್ತು ಯಾರ ಕಿವಿಗೂ ಒರಟಲ್ಲ.

ಈ ಕಣ್ಣಿನಿಂದ ಇಂಗ್ಲಿಷನ್ನು ನೋಡಿದರೆ ಅಲ್ಲಿನ ತದ್ಭವಗಳು ಎಷ್ಟು ಚೆನ್ನಾಗಿ ಬೆರೆತಿವೆ! ಅಪಾಯದಲ್ಲಿರುವ ವಿಮಾನದಿಂದ ಮೂರು ಸಲ ಕೂಗುವ ‘ಮೇಡೇ’ ಫ್ರೆಂಚಿನ ಮೆದೇ, ‘ನನಗೆ ನೆರವಾಗಿ’. ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದ ರೇಡಿಯೊ ಅಧಿಕಾರಿ ಫ್ರೆಡರಿಕ್ ಮಾಕ್‌ಫರ್ಡ್ 1920ರ ದಶಕದ ಆರಂಭದಲ್ಲಿ ಇದನ್ನು ಸೂಚಿಸಿದ. ಅಲ್ಲಿಂದ ಹೊರಡುವ ವಿಮಾನಗಳಲ್ಲಿ ಬಹುಪಾಲು ಪ್ಯಾರಿಸ್ಸಿನ ಲ ಬೂರ್ಜೆಗೆ ಹೋಗುತ್ತಿದ್ದವು, ಎರಡು ಕಡೆಯವರ ಕಿವಿಗೂ ತಿಳಿಯುವ ಕೂಗು ಬೇಕಿತ್ತು. ಇಂಥ ಪದವನ್ನು ಯಾರೂ ಓರೆ ಅಕ್ಷರದಲ್ಲಿ ಅಚ್ಚು ಮಾಡುವುದಿಲ್ಲ. ತತ್ಸಮವಾಗಿ ಉಳಿದದ್ದಕ್ಕೆ ಇಂಗ್ಲಿಷ್ ಮುದ್ರಕರು ಓರೆ ಅಕ್ಷರ ಕೊಡುತ್ತಾರೆ, ಇದು ಇನ್ನೂ ಅತಿಥಿ ಎಂದು ತೋರಿಸುವ ಗುರುತು ಅದು. ಎಟ್ ಸೆಟರಾ, ವೈಸ್ ವರ್ಸಾ, ಆಡ್ ಹಾಕ್ ಇವೆಲ್ಲ ಆ ಗುರುತು ಕಳಚಿ ಬಹಳ ಕಾಲವಾಯಿತು. ಮ್ಯೂಟಾಟಿಸ್ ಮ್ಯೂಟಾಂಡಿಸ್ (ತಕ್ಕ ಬದಲಾವಣೆಗಳೊಂದಿಗೆ) ಇನ್ನೂ ಹೊಸ್ತಿಲಲ್ಲೇ ನಿಂತಿದೆ.

ಎರವಲು ನುಡಿ ಇಂಗ್ಲಿಷ್ ವಾಕ್ಯದೊಳಗೆ ಕೂತಾಗ ಹೊಲಿಗೆ ಬಿಚ್ಚುವ ಜಾಗಗಳೂ ಕಾಣುತ್ತವೆ. ‘ಪ್ಲೀಸ್ ಆರ್‌ಎಸ್‌ವಿಪಿ’ ಎಂಬಲ್ಲಿ, ಆಹ್ವಾನಕ್ಕೆ ಉತ್ತರ ಕೋರುವ ಆ ಫ್ರೆಂಚ್ ಹ್ರಸ್ವರೂಪದ ಕೊನೆಯ ಮೂರು ಅಕ್ಷರವೇ ‘ದಯವಿಟ್ಟು’, ಆದ್ದರಿಂದ ದಯವಿಟ್ಟು ಎರಡು ಸಲ ಬಂತು. ‘ಆ್ಯಂಡ್ ಎಟ್ ಸೆಟರಾ’ ಎಂಬಲ್ಲಿ ಎಟ್ ಎಂದರೇ ‘ಮತ್ತು’. ಇಂಥದ್ದನ್ನು ಮೊದಲು ನಾನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕುತ್ತಿದ್ದೆ. ಆದರೆ ನಡುಮಧ್ಯೆ ಎಂದು ನಾವೂ ಅಲ್ಲವೇ ಹೇಳುವುದು? ನಡು ಎಂದರೂ ಮಧ್ಯ ಎಂದರೂ ಒಂದೇ. ಮನೆಮಾತಿನ ಪದವೊಂದು ಪಕ್ಕದಲ್ಲಿ ನಿಂತು ಅತಿಥಿಯ ಅರ್ಥಕ್ಕೆ ಸಾಕ್ಷಿ ಹೇಳುವ ಈ ಪದ್ಧತಿ ಎರಡು ಭಾಷೆ ಬೆರೆಯುವ ಕಡೆಯೆಲ್ಲ ಇರುವಂಥದ್ದು. ಇಂಗ್ಲಿಷ್ ಕಾನೂನಿನ ಎಷ್ಟೋ ಜೋಡಿಪದಗಳು, ವಿಲ್ ಆ್ಯಂಡ್ ಟೆಸ್ಟಮೆಂಟ್, ಗುಡ್ಸ್ ಆ್ಯಂಡ್ ಚಾಟಲ್ಸ್ ಎಂಬಂಥವು, ಹೀಗೆ ಒಂದು ಕಾಲು ಹಳೆಯ ಇಂಗ್ಲಿಷಿನಲ್ಲಿ, ಇನ್ನೊಂದು ಫ್ರೆಂಚ್ ಅಥವಾ ಲ್ಯಾಟಿನ್ನಿನಲ್ಲಿ ಇಟ್ಟುಕೊಂಡಿವೆ. ಅಧಿಕೃತ ಬರಹದಲ್ಲಿ ಇವತ್ತೂ ನಾನು ‘ಪ್ಲೀಸ್ ಆರ್‌ಎಸ್‌ವಿಪಿ’ ತಿದ್ದುತ್ತೇನೆ. ಮಾತಿನಲ್ಲಿ ಬಂದರೆ ಸುಮ್ಮನಿರುತ್ತೇನೆ.

ಬಹುವಚನದ ವಿಷಯ ಇನ್ನೂ ಸ್ವಾರಸ್ಯ. ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ಬಂದ ನಾಮಪದಗಳಲ್ಲಿ ಎಷ್ಟೋ ಪದಗಳು ಮೂಲದಲ್ಲಿ ನಾಮಪದಗಳೇ ಅಲ್ಲ, ಪೂರ್ತಿ ವಾಕ್ಯಗಳು. ವೀಟೊ ಎಂದರೆ ‘ನಿಷೇಧಿಸುತ್ತೇನೆ’. ಪ್ಲಸೀಬೊ ‘ಮೆಚ್ಚಿಸುವೆನು’. ಕೇವಿಯಟ್ ‘ಎಚ್ಚರದಿಂದಿರಲಿ’. ಅಫಿಡವಿಟ್ ‘ಪ್ರಮಾಣ ಮಾಡಿದ್ದಾನೆ’. ಮೆಮೆಂಟೊ ‘ನೆನಪಿಟ್ಟುಕೋ’. ಡೆಫಿಸಿಟ್ ‘ಸಾಲದು’. ಇಗ್ನೊರೇಮಸ್ ಎಂಬುದು ‘ನಾವು ಅರಿಯೆವು’. ಇಂಗ್ಲೆಂಡಿನ ಗ್ರ್ಯಾಂಡ್ ಜ್ಯೂರಿ ಸಾಕ್ಷ್ಯ ಸಾಲದ ಆರೋಪಪತ್ರದ ಹಿಂದೆ ಈ ಮಾತು ಬರೆದು ವಾಪಸು ಕಳಿಸುತ್ತಿತ್ತು, ಅಲ್ಲಿಂದ ಅದು ಏನೂ ಅರಿಯದವನ ಹೆಸರಾಯಿತು. ಅಸ್ ಎಂದು ಮುಗಿಯುತ್ತದಲ್ಲ ಎಂದು ಅದರ ಬಹುವಚನವನ್ನು ಇಗ್ನೊರೇಮೈ ಎಂದು ಮಾಡುವವರಿದ್ದಾರೆ. ‘ಅರಿಯೆವು’ ಎಂಬ ಕ್ರಿಯಾಪದಕ್ಕೆ ‘ಗಳು’ ಹಚ್ಚಿದಂತೆ ಅದು, ಮತ್ತು ಅದು ಮೊದಲೇ ಬಹುವಚನ. ಇಗ್ನೊರೇಮಸಸ್ ಎಂದು ಇಂಗ್ಲಿಷ್ ಪ್ರತ್ಯಯ ಹಚ್ಚುವುದೇ ಸರಿ, ಯಾಕೆಂದರೆ ನಾಮಪದವಾದದ್ದು ಇಂಗ್ಲಿಷಿನಲ್ಲಿ, ಲ್ಯಾಟಿನ್ನಿನಲ್ಲಲ್ಲ. ಆಮ್ನಿಬಸ್ಸಿನದೂ ಹೀಗೆಯೇ. ಅದು ‘ಎಲ್ಲರಿಗೆ’ ಎಂಬ ಚತುರ್ಥಿ ವಿಭಕ್ತಿಯ ರೂಪ, ಆಮ್ನಿಬೈ ಎಂಬುದಕ್ಕೆ ಅರ್ಥವಿಲ್ಲ. ಆ ಪದದ ತಲೆ ಕಡಿದು ಬಾಲ ಉಳಿಸಿಕೊಂಡದ್ದೇ ಬಸ್ಸು. ಹಾಗೆ ನೋಡಿದರೆ ನಾವು ದಿನವೂ ಹತ್ತಿ ಇಳಿಯುವುದು ಒಂದು ವಿಭಕ್ತಿ ಪ್ರತ್ಯಯವನ್ನು.

ವಾಕ್ಯವೊಂದು ಇಡಿಯಾಗಿ ನಾಮಪದವಾಗುವುದು ನಮಗೇನು ಹೊಸತಲ್ಲ. ಇತಿಹಾಸ ಎಂಬುದು ‘ಇತಿ ಹ ಆಸ’, ಹೀಗೆಯೇ ಇತ್ತು ಎಂಬ ವಾಕ್ಯ. ಕಿಂವದಂತಿ ‘ಏನೆನ್ನುತ್ತಾರೆ’ ಎಂಬ ಪ್ರಶ್ನೆ. ‘ನ ಅಸ್ತಿ’, ಅಂದರೆ ಇಲ್ಲ, ಎಂಬ ಮಾತು ನಾಸ್ತಿಕನ ಹೊಟ್ಟೆಯಲ್ಲಿದೆ. ಕಿಂವದಂತಿಗಳು ಎಂದು ಕನ್ನಡದ ಬಹುವಚನ ಹಚ್ಚುವಾಗ ನಾವು ವದಂತಿಯ ಕ್ರಿಯಾರೂಪವನ್ನು ನೆನೆಯುವುದಿಲ್ಲ, ನೆನೆಯಬೇಕಾಗಿಯೂ ಇಲ್ಲ. ಇಲ್ಲಿಂದ ನನಗೆ ಒಂದು ಸೂತ್ರ ಸಿಕ್ಕಿತು: ಪ್ರತ್ಯಯ, ಬಹುವಚನ, ವಾಕ್ಯದಲ್ಲಿನ ಸ್ಥಾನ ಇವು ಸೇರಿದ ಮನೆಯ ಕಾನೂನಿಗೆ ಸೇರಿದವು. ಅರ್ಥ ಮತ್ತು ಉಚ್ಚಾರದಲ್ಲಿ ತೌರಿನ ಮಾತಿಗೆ ಇನ್ನೂ ಬೆಲೆಯುಂಟು, ಓರೆ ಅಕ್ಷರ ಕಳಚುವವರೆಗೆ. ಕೋರ್ಟ್ಸ್ ಮಾರ್ಷಲ್ ಎಂಬಂಥ ಕೆಲವು ಈ ಸೂತ್ರಕ್ಕೆ ಸಿಗುವುದಿಲ್ಲ. ಗುಣವಾಚಕವನ್ನು ನಾಮಪದದ ನಂತರ ನಿಲ್ಲಿಸುವ ಫ್ರೆಂಚ್ ಕ್ರಮ ಅಲ್ಲಿ ಎಲುಬಾಗಿ ಉಳಿದಿದೆ.

ಬಳಸಲೇಬೇಕೇ ಎಂಬ ಪ್ರಶ್ನೆಯೂ ಇದೆ. 1946ರಲ್ಲಿ ಜಾರ್ಜ್ ಆರ್ವೆಲ್ ರಾಜಕೀಯ ಮತ್ತು ಭಾಷೆಯ ಬಗ್ಗೆ ಬರೆದ ಪ್ರಬಂಧದಲ್ಲಿ ದಿನಬಳಕೆಯ ಇಂಗ್ಲಿಷ್ ಪದ ಸಿಗುವ ಕಡೆ ಪರಭಾಷೆಯ ನುಡಿಗಟ್ಟು ಬೇಡವೇ ಬೇಡ ಎಂದ. ಸ್ಟೇಟಸ್ ಕ್ವೋ, ಮ್ಯೂಟಾಟಿಸ್ ಮ್ಯೂಟಾಂಡಿಸ್ ಎಲ್ಲವೂ ಅವನ ಪಟ್ಟಿಯಲ್ಲಿದ್ದವು. ಅವನು ಉಪಯುಕ್ತವೆಂದು ಉಳಿಸಿದ್ದು ಮೂರನ್ನು: ಐ.ಇ., ಇ.ಜಿ., ಮತ್ತು ಎಟ್‌ಸೆಟರಾದ ಹ್ರಸ್ವರೂಪ. 2016ರಲ್ಲಿ ಬ್ರಿಟಿಷ್ ಸರ್ಕಾರದ ಜಾಲತಾಣ ಕೈಬಿಡಲು ಹೊರಟದ್ದು ಸರಿಯಾಗಿ ಈ ಮೂರನ್ನೇ. ದೃಷ್ಟಿದೋಷವಿರುವವರಿಗಾಗಿ ಪುಟವನ್ನು ಓದಿ ಹೇಳುವ ತಂತ್ರಾಂಶಗಳು ಚುಕ್ಕಿಯಿಲ್ಲದ ಇಜಿಯನ್ನು ‘ಎಗ್’ ಎಂದು ಓದುತ್ತಿದ್ದವು. ಅದಕ್ಕೆ ಮೊದಲು 2008ರಲ್ಲಿ ಇಂಗ್ಲೆಂಡಿನ ಬೋರ್ನ್‌ಮತ್ ನಗರಸಭೆ ತನ್ನ ಸಿಬ್ಬಂದಿ ಬಳಸಬಾರದ 19 ಲ್ಯಾಟಿನ್ ಮಾತುಗಳ ಪಟ್ಟಿ ಮಾಡಿತ್ತು. ಆ ಊರಿನ ಲಾಂಛನದ ಧ್ಯೇಯವಾಕ್ಯ ಮಾತ್ರ ಲ್ಯಾಟಿನ್‌ನಲ್ಲೇ ಇತ್ತು, ಪುಲ್ಕ್ರಿಟೂಡೊ ಎಟ್ ಸಲುಬ್ರಿಟಾಸ್, ಸೌಂದರ್ಯ ಮತ್ತು ಆರೋಗ್ಯ.

ಸರ್ಕಾರದ ಪತ್ರ ಓದುವವರು ಯಾರು ಬೇಕಾದರೂ ಆಗಿರಬಹುದಾದ್ದರಿಂದ ಈ ಕ್ರಮ ನನಗೆ ಒಪ್ಪಿಗೆ. ಐ.ಇ. ಮತ್ತು ಇ.ಜಿ. ಬೆರೆತುಹೋಗುವುದು ಸಣ್ಣ ವಿಷಯವೂ ಅಲ್ಲ. ಮೊದಲನೆಯದು ‘ಅಂದರೆ’, ಎರಡನೆಯದು ‘ಉದಾಹರಣೆಗೆ’. ಗುರುತಿನ ದಾಖಲೆ ತನ್ನಿ ಎಂದು ಹೇಳಿ ಮುಂದೆ ಎರಡು ಹೆಸರು ಬರೆದಾಗ, ಆ ಎರಡೇ ಬೇಕೋ ಅಂಥ ಯಾವುದಾದರೂ ಆದೀತೋ ಎಂಬುದು ಈ ಅಕ್ಷರಗಳ ಮೇಲೆಯೇ ನಿಂತಿದೆ.

ಕಾನೂನಿನ ಕಥೆ ಇದಕ್ಕಿಂತ ಹಳೆಯದು. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಇಂಗ್ಲೆಂಡಿನ ನ್ಯಾಯಾಲಯದಲ್ಲಿ ಫ್ರೆಂಚ್ ನೆಲೆಯೂರಿತು, ದಾಖಲೆಗಳು ಲ್ಯಾಟಿನ್‌ನಲ್ಲಿದ್ದವು. 1362ರ ಶಾಸನ ವಾದವನ್ನು ಇಂಗ್ಲಿಷಿನಲ್ಲಿ ನಡೆಸಲು ಹೇಳಿದರೂ ದಾಖಲೆ ಲ್ಯಾಟಿನ್‌ನಲ್ಲೇ ಇರಲೆಂದಿತು. ಪೂರ್ತಿ ಇಂಗ್ಲಿಷಾದದ್ದು 1733ರಿಂದ. ಆಮೇಲೂ ಉಳಿದಿದ್ದ ಎಕ್ಸ್ ಪಾರ್ಟಿ (ಎದುರು ಪಕ್ಷಕ್ಕೆ ತಿಳಿಸದೆ), ಇನ್ ಕ್ಯಾಮರಾ (ಗುಟ್ಟಾಗಿ), ಸಾಕ್ಷಿಯನ್ನು ಕರೆಸುವ ಸಬ್‌ಪೀನಾಗಳನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಿವಿಲ್ ನ್ಯಾಯಾಲಯಗಳು 1999ರ ಹೊಸ ನಿಯಮಗಳಲ್ಲಿ ಸರಳ ಇಂಗ್ಲಿಷಿಗೆ ಬದಲಿಸಿಕೊಂಡವು. ಹೇಬಿಯಸ್ ಕಾರ್ಪಸ್ಸನ್ನು ಮಾತ್ರ ಯಾರೂ ಮುಟ್ಟಲಿಲ್ಲ. ‘ದೇಹವನ್ನು ಹಾಜರಿಡು’ ಎಂದು ಬಂಧನದಲ್ಲಿಟ್ಟವರಿಗೆ ನ್ಯಾಯಾಲಯ ಹೇಳುವ ಆ ಆಜ್ಞೆಯ ಬೆನ್ನಿಗೆ 1679ರ ಕಾಯ್ದೆಯೂ ಶತಮಾನಗಳ ತೀರ್ಪುಗಳೂ ಇವೆ. ಬದಲಿ ಪದ ಹುಡುಕಿದರೆ ಆ ಭಾರವೆಲ್ಲ ಮತ್ತೆ ಮೊದಲಿನಿಂದ ಹೊರಬೇಕು. ದೇಜಾ ವೂಗೂ ಇಂಗ್ಲಿಷಿನಲ್ಲಿ ಬದಲಿಯಿಲ್ಲ, ಹೊಸದನ್ನು ಮೊದಲೇ ಕಂಡಂತೆನಿಸುವ ಆ ಅನುಭವಕ್ಕೆ ಬೇರೆ ಹೆಸರೇ ಹುಟ್ಟಲಿಲ್ಲ. ಪರ್ ಆನಮ್ ಬದಲು ‘ಅ ಇಯರ್’ ಎಂದರೆ ಯಾರಿಗೂ ಏನೂ ನಷ್ಟವಿಲ್ಲ. ನಾನು ತಿದ್ದುವಾಗ ಮನಸ್ಸಿನಲ್ಲಿಟ್ಟುಕೊಳ್ಳುವುದು ಇಷ್ಟೇ: ಆ ನುಡಿಯನ್ನು ತೆಗೆದರೆ ವಾಕ್ಯದಲ್ಲಿ ಗುಳಿ ಬೀಳುತ್ತದೆಯೇ? ಬಿದ್ದರೆ ಇರಲಿ.

ಹೀಗೆ ಸುತ್ತಾಡಿ ಮತ್ತೆ ಮಾನೋ ಆ ಮಾನೋಗೆ ಬಂದೆ. ಚದುರಂಗದ ವಾಕ್ಯದಲ್ಲಿ ಅದನ್ನು ತೆಗೆದು ನೋಡಿದೆ. ಇಬ್ಬರು ಎದುರಾದರು ಎಂಬ ಸುದ್ದಿ ಉಳಿಯಿತು. ಮೂರನೆಯವರಿಲ್ಲ, ಕೈಗೆ ಕೈ ಕೊಟ್ಟ ಪಂದ್ಯ ಎಂಬ ಬಿಸಿ ಹೋಯಿತು. ಕೈಯಿಂದ ಕಾಯಿ ನಡೆಸುವ ಆಟಕ್ಕೆ ಅದು ಚೆನ್ನಾಗಿಯೇ ಹೊಂದಿತ್ತು. ಸಹೋದ್ಯೋಗಿಯ ಮಾತನ್ನೂ ಕಡೆಗಣಿಸಲಾಗಲಿಲ್ಲ. ಕೊನೆಗೆ ಲೇಖಕರ ಒಪ್ಪಿಗೆ ಪಡೆದು ನುಡಿಯನ್ನು ಉಳಿಸಿಕೊಂಡು, ಹಿಂದಿನ ವಾಕ್ಯದಲ್ಲಿ ಇಬ್ಬರ ಕೈಗಳ ಪ್ರಸ್ತಾಪ ಬರುವಂತೆ ಒಂದು ಪದ ಸೇರಿಸಿದೆವು. ಓದುವವರ ಕಿವಿ ಮ್ಯಾನ್ ಕಡೆಗೆ ವಾಲುವ ಮುನ್ನ ಕಣ್ಣು ಕೈಯನ್ನು ಕಂಡಿರುತ್ತದೆ.

ಅದೇ ಲೇಖನ ಈಗ ಕನ್ನಡಕ್ಕೆ ಬರಬೇಕಿದೆ, ನನ್ನ ನಿಜವಾದ ತೊಡಕು ಇಲ್ಲಿದೆ. ವಿ ಸಾ ವಿ ಎಂದರೆ ಅಕ್ಷರಶಃ ಮುಖಕ್ಕೆ ಮುಖ, ತೆತ್ ಆ ತೆತ್ ಎಂದರೆ ತಲೆಗೆ ತಲೆ, ಮಾನೋ ಆ ಮಾನೋ ಕೈಗೆ ಕೈ. ಮೊದಲನೆಯದು ‘ಕುರಿತಂತೆ’ ಎಂಬ ಅರ್ಥಕ್ಕೆ ಜಾರಿದೆ, ಎರಡನೆಯದು ಆಪ್ತ ಮಾತುಕತೆ, ಮೂರನೆಯದು ಪಂದ್ಯ. ಕನ್ನಡದಲ್ಲಿ ಮೂರಕ್ಕೂ ಮುಖಾಮುಖಿ ಎಂದೇ ಬರೆದುಬಿಡುವ ಅಭ್ಯಾಸ ನನಗಿದೆ, ಅದು ನನಗೇ ಸಾಲದಾಗಿದೆ. ಹಣಾಹಣಿ ಇದೆ, ಆದರೆ ಅದರಲ್ಲಿ ಹೊಡೆತದ ಸದ್ದು ಹೆಚ್ಚು. ‘ಕೈಕೈ ಮಿಲಾಯಿಸು’ ಎಂದರೆ ಚೆಸ್ ಹಲಗೆಯೇ ಉರುಳಿದಂತಾಗುತ್ತದೆ. ಸಂಸ್ಕೃತದಿಂದ ಮುಷ್ಟಾಮುಷ್ಟಿ, ಕೇಶಾಕೇಶಿ ಬಂದಿವೆ. ಮುಷ್ಟಿ ಹಿಡಿದು, ಜುಟ್ಟು ಹಿಡಿದು ಕಾದುವುದಕ್ಕೆ ಪದವಿದೆ. ಎರಡು ಕೈಗಳು ಸದ್ದಿಲ್ಲದೆ, ಸಮಬಲದಿಂದ ಎದುರಾಗುವುದಕ್ಕೆ ‘ಕೈ’ಯನ್ನೇ ಮಡಿಸಿ ಕಟ್ಟಿದ ಕನ್ನಡದ ಮಾತು ಯಾವ ಕಡೆಯ ಆಡುನುಡಿಯಲ್ಲಾದರೂ ಇದೆಯೇ? ಹಳೆಯ ಕಾವ್ಯಗಳಲ್ಲಿ, ಆಟದ ಅಂಗಳದಲ್ಲಿ, ಹಿರಿಯರ ಬಾಯಲ್ಲಿ ಕೇಳಿದ್ದವರು ಆ ಪದವನ್ನೂ ಅದು ಬಂದ ವಾಕ್ಯವನ್ನೂ ದಯವಿಟ್ಟು ತಿಳಿಸಿ.